ನಜೀರಸಾಬನ ಕಣ್ಣು ಉಳಿದದ್ದು

ಇಳಕಲ್ಲಿನ ನೇಕಾರ ನಜೀರಸಾಬನಿಗೆ ವರ್ಷದಿಂದ ತಲೆನೋವು. ಬೆರಳು ದಪ್ಪಗಾಗಿ ಉಂಗುರ ಬಿಗಿದಿತ್ತು, ಚಪ್ಪಲಿ ಸಾಲುತ್ತಿರಲಿಲ್ಲ. ಬದಿಗಿದ್ದದ್ದು ಕಾಣದೆ ಬಾಗಿಲಿಗೆ ಭುಜ ಬಡಿದುಕೊಳ್ಳುತ್ತಿದ್ದ. "ಮಗ್ಗದ ಮುಂದ ಕೂತು ಕೂತು ಹಿಂಗಾಗೈತಿ" ಎಂದು ಹೆಂಡತಿ ಶಹರಬಾನು ಹಣೆಗೆ ಶುಂಠಿ ತೇಯ್ದು ಹಚ್ಚುತ್ತಿದ್ದಳು.

ಒಂದು ಮುಂಜಾನೆ ಆತ ಲಾಳಿ ಕೈಬಿಟ್ಟು, ತಲೆ ಹಿಡಿದುಕೊಂಡು ಚೀರಿದ. ವಾಂತಿಯಾಯಿತು. ಒಂದು ರೆಪ್ಪೆ ಜೋತುಬಿತ್ತು.

"ಬಾನೂ, ಕತ್ತಲಾತಲ್ಲ, ನೀ ಎಲ್ಲಿದ್ದಿ?"

ಆಕೆ ಎದುರಿಗೇ ನಿಂತಿದ್ದಳು.

ಕೂಗು ಕೇಳಿ ಪಕ್ಕದ ಮನೆಯ ತುಳಸೀಬಾಯಿ ಓಡಿಬಂದರು. "ಏಳವಾ, ದವಾಖಾನಿಗೆ ಹೋಗೂಣು."

"ಬ್ಯಾಡ್ರಿ ಬಾಯಾರ, ಯಾರದೋ ಕೆಟ್ಟ ನೆದರ ಬಿದ್ದೈತಿ. ತಾಯತಾ ಕಟ್ಟಿಸಿ ಸಂಜಿ ತನಕ ನೋಡ್ತೇನಿ."

"ತಾಯತಾ ಕಟ್ಟಸು, ನಾ ಬ್ಯಾಡ ಅನ್ನಂಗಿಲ್ಲ. ಆದರ ಸಂಜಿ ತನಕ ಇವನ ಕಣ್ಣು ಉಳೀಬೇಕಲ್ಲ?"

ಗಂಡ ತನ್ನನ್ನು ಕೈಯಿಂದ ತಡಕಾಡುವುದನ್ನು ಕಂಡು ಶಹರಬಾನು ಆತನ ಕೈ ಹಿಡಿದುಕೊಂಡಳು. "ಗಾಡಿ ಕಟ್ಟಸ್ರಿ" ಎಂದಳು.

ದವಾಖಾನೆಯಲ್ಲಿ ಡಾಕ್ಟರ್ ಮಧುಸೂದನರು ಆತನ ದವಡೆ, ಬೆರಳು, ಕಣ್ಣು ನೋಡಿದರು. ರಕ್ತದೊತ್ತಡ ಬಹಳ ಏರಿತ್ತು.

"ಮಿದುಳಿನ ತಳದಾಗ ಕಡಲಿಕಾಳಷ್ಟು ಒಂದು ಗ್ರಂಥಿ ಇರ್ತದವಾ. ಅದರಾಗ ಗಡ್ಡಿ ಬೆಳದಂಗ ಕಾಣ್ತದ. ಕೈಕಾಲು ದಪ್ಪಾದದ್ದೂ ಅದರಿಂದನ. ಗಡ್ಡಿ ದೊಡ್ಡದಾದಂಗ ಅದಕ್ಕ ರಕ್ತ ಸಾಲೂದಿಲ್ಲ. ಒಳಗಿನ ರಕ್ತನಾಳ ಭಾಳ ನಾಜೂಕ. ಮ್ಯಾಲ ಒತ್ತಡಾನೂ ಏರೇದ. ನಾಳ ಒಡದು ರಕ್ತ ಸೋರಿ, ಗಡ್ಡಿ ಉಬ್ಬಿ ಕಣ್ಣಿನ ನರಾ ಒತ್ತೇದ."

"ನನ್ನ ಕೈಯಡಿಗಿ ತಪ್ಪೇನ್ರಿ? ಯಾರರ ಮಾಟಾ ಮಾಡಸ್ಯಾರೇನ್ರಿ?"

"ಯಾರ ತಪ್ಪೂ ಅಲ್ಲ. ಈಗ ತಡಾ ಮಾಡಿದರ ಅದು ತಪ್ಪು."

ಅವರು ಸೂಜಿ ಚುಚ್ಚಿ, ಶಸ್ತ್ರಕ್ರಿಯೆಗೆಂದು ಮದರಾಸಿಗೆ ಕಳಿಸಿದರು. ಬಾಗಲಕೋಟೆಯವರೆಗೆ ಮೋಟಾರು, ಮುಂದೆ ರೈಲು. ತುಳಸೀಬಾಯಿಯೂ ಜೊತೆಗೆ ಹೊರಟರು. ಮದರಾಸಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಡೆಯುವಾಗ ಶಹರಬಾನು ತುಳಸೀಬಾಯಿಯ ಕೈ ಬಿಡಲೇ ಇಲ್ಲ.

ಕೆಲವು ದಿನಗಳ ಮೇಲೆ ನಜೀರಸಾಬ ಕಣ್ಣು ಬಿಟ್ಟು ಮೆಲ್ಲಗೆ ಕೇಳಿದ, "ಬಾನೂ, ಯಾಕ ಅಳಾಕತ್ತಿ?"

"ನಾ ಅಳೂದು ನಿಮಗ ಕಾಣ್ತೈತೇನ್ರಿ?"

"ಕಾಣ್ತೈತಿ. ಮೂಗಬಟ್ಟೂ ಕಾಣ್ತೈತಿ."

ಅಳುತ್ತಿದ್ದವಳಿಗೆ ನಗು ಬಂತು. ಹಗುರಾದ ಮನಸ್ಸಿನಿಂದ ಆಕೆ ಅವತ್ತು ಹೊಟ್ಟೆ ತುಂಬ ಉಂಡಳು.

ತಾಯಂದಿರೇ, ಅಣ್ಣಂದಿರೇ, ತಲೆನೋವೆಲ್ಲ ಗಡ್ಡೆಯಲ್ಲ, ಹೆದರಬೇಡಿ. ಆದರೆ ಕೈಕಾಲು ದಪ್ಪಗಾಗುತ್ತಿದ್ದರೆ, ಬದಿಯ ನೋಟ ಕುಂದಿದರೆ ಡಾಕ್ಟರರಿಗೆ ತೋರಿಸಿ. ಸಿಡಿಲು ಬಡಿದಂತೆ ತಲೆನೋವು ಬಂದು, ವಾಂತಿಯಾಗಿ, ಕಣ್ಣು ಮಂಜಾದರೆ ಸಂಜೆಯವರೆಗೆ ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ನೆರೆಮನೆಯವರಿಗೆ ಹೀಗಾದರೆ ನೀವೇ ಮುಂದಾಗಿ ಎಬ್ಬಿಸಿ ಕರೆದೊಯ್ಯಿರಿ.