ಎಂಬತ್ತೇಳನೆಯ ವಾಚನಾಲಯದ ಹಸಿರು ಚುಕ್ಕಿ

ಇನ್ನೂರ ಹದಿನಾಲ್ಕು ವಾಚನಾಲಯಗಳ ಕಂಪ್ಯೂಟರುಗಳು ಕೇಂದ್ರ ಕಚೇರಿಯೊಂದಿಗೆ ಸಂಪರ್ಕದಲ್ಲಿವೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ಆ ಕಚೇರಿಯ ತಂತ್ರಜ್ಞೆಯಾದ ಅವಳ ಕೆಲಸ. ಒಂದೊಂದಕ್ಕೂ ಫೋನ್ ಮಾಡಿ ವಿಚಾರಿಸುತ್ತಿದ್ದ ಕಾಲದಲ್ಲಿ ಗಂಟಲು ಕಟ್ಟಿಹೋಗುತ್ತಿತ್ತು. ಆರು ತಿಂಗಳ ಹಿಂದೆ ತಾನೇ ಕೂತು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮು, ಬರೆದಳು. ಪಟ್ಟಿಯಲ್ಲಿರುವ ಪ್ರತಿ ಕಂಪ್ಯೂಟರಿನ ವಿಳಾಸಕ್ಕೂ ಅದು ‘ಇದ್ದೀಯಾ?’ ಎಂದು ಕೂಗು ಹಾಕುತ್ತದೆ. ಉತ್ತರ ಬಂದರೆ ಗೋಡೆಯ ಪರದೆಯ ಮೇಲೆ ಹಸಿರು ಚುಕ್ಕಿ, ಬರದಿದ್ದರೆ ಕೆಂಪು. ಅಂದಿನಿಂದ ಪರದೆ ಹಸಿರೋ ಹಸಿರು. ನಿರ್ದೇಶಕರು ಬಂದವರಿಗೆಲ್ಲ ಅದನ್ನು ತೋರಿಸಿ ಮೀಸೆ ತಿರುವುತ್ತಿದ್ದರು. ಒಂದಾದರೂ ಕೆಂಪಿಲ್ಲವಲ್ಲ ಎಂಬ ಅನುಮಾನ ಅವಳಿಗೆ ಬರಬೇಕಿತ್ತು; ಹೊಗಳಿಕೆ ಬರುತ್ತಿದ್ದುದರಿಂದ ಅದು ಬರಲಿಲ್ಲ.

ತಕರಾರು ತೆಗೆದವರು ಒಬ್ಬರೇ, ಎಂಬತ್ತೇಳನೆಯ ವಾಚನಾಲಯದ ಗ್ರಂಥಪಾಲಕರು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ; ಮೆಲ್ಲನೆಯ ಮಾತು, ದುಂಡನೆಯ ಅಕ್ಷರ. ಸಂಪರ್ಕವಿಲ್ಲವೆಂದು ಮೂರು ಸಲ ಬರೆದಿದ್ದರು. ಮೂರು ಸಲವೂ ಅವಳು ಪರದೆಯತ್ತ ಕಣ್ಣು ಹಾಯಿಸಿ, ‘ದೂರಿನಲ್ಲಿ ಹುರುಳಿಲ್ಲ’ ಎಂದು ಷರಾ ಬರೆದು ಕೈತೊಳೆದುಕೊಂಡಿದ್ದಳು. ಮಂಗಳವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು.

“ನಿಮ್ಮದು ಸರಿಯಾಗೇ ಇದೆ ಸರ್. ಈಗಲೂ ಹಸಿರೇ ತೋರಿಸ್ತಿದೆ,” ಎಂದಳು.

“ಇರಬಹುದಮ್ಮ. ಆದ್ರೆ ಅದರ ವೈರು ನನ್ನ ಕೈಯಲ್ಲಿದೆ. ಇಲಿ ಕಡಿದು ಎರಡು ತುಂಡು ಮಾಡಿದೆ.”

ಅವಳು ಫೋನಿಟ್ಟು ಒಂದು ಲೋಟ ನೀರು ಕುಡಿದಳು. ಪಟ್ಟಿಯಲ್ಲಿ ಎಂಬತ್ತೇಳರ ಮುಂದೆ ಬೇರೆ ಯಾರದೋ ವಿಳಾಸ ಸೇರಿಕೊಂಡಿರಬೇಕೆಂದು ಸಾಲು ಸಾಲಾಗಿ ತಾಳೆ ನೋಡಿದಳು. ಮಧ್ಯಾಹ್ನವಾಯಿತು, ತಪ್ಪು ಸಿಗಲಿಲ್ಲ. ಕೊನೆಗೆ, ಯಾವ ಕಂಪ್ಯೂಟರಿಗೂ ಇಲ್ಲದ ಒಂದು ಸುಳ್ಳು ವಿಳಾಸವನ್ನು ಪಟ್ಟಿಯ ಬಾಲಕ್ಕೆ ಸೇರಿಸಿ ಸ್ಕ್ರಿಪ್ಟನ್ನು ಓಡಿಸಿದಳು. ಪರದೆಯ ಮೇಲೆ ಇನ್ನೂರ ಹದಿನೈದನೆಯ ಹಸಿರು ಚುಕ್ಕಿ ಮೂಡಿತು. ಹುಟ್ಟದೇ ಇರುವ ಕಂಪ್ಯೂಟರೂ ಕ್ಷೇಮವಾಗಿತ್ತು. ಅವಳು ಗಡಿಯಾರ ನೋಡಿದಳು. ನಾಲ್ಕು ಗಂಟೆಗೆ ಆಡಳಿತ ಮಂಡಳಿಯವರು ಇದೇ ಪರದೆಯನ್ನು ನೋಡಲು ಬರುವವರಿದ್ದರು.

ಅಷ್ಟರಲ್ಲಿ ಗಂಡನ ಫೋನು. ತನ್ನ ಅಮ್ಮನ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದೆಯಾ ಎಂದು ಕೇಳಿದ.

“ಬೆಳಿಗ್ಗೇನೇ ಫೋನ್ ಮಾಡ್ದೆ. ಚೆನ್ನಾಗಿದ್ದಾರೆ.”

“ಅಮ್ಮನೇ ಹೇಳಿದ್ರಾ?”

“ಇಲ್ಲ, ಪಕ್ಕದ ಮನೆಯವರು ಎತ್ತಿದ್ರು. ಅತ್ತೆ ಮನೇಲಿಲ್ಲ ಅಂದ್ರು.”

“ಮತ್ತೆ ಚೆನ್ನಾಗಿದ್ದಾರೆ ಅಂತ ಹೇಳಿದ್ಯಾರು?”

ಯಾರೂ ಹೇಳಿರಲಿಲ್ಲ. ಯಾರೋ ಫೋನ್ ಎತ್ತಿದ್ದರು, ಅಷ್ಟೇ. ಅವಳ ಕಣ್ಣು ಗೋಡೆಯ ಹಸಿರು ಚುಕ್ಕಿಗಳತ್ತ ಹೋಯಿತು. “ಆಮೇಲೆ ಮಾಡ್ತೀನಿ ರೀ,” ಎಂದು ಫೋನಿಟ್ಟು ಕೀಲಿಮಣೆಗೆ ಕೈಹಾಕಿದಳು.

ಸ್ಕ್ರಿಪ್ಟು ಬಂದ ಉತ್ತರಗಳನ್ನೆಲ್ಲ ನುಂಗಿಕೊಂಡು ಬರೀ ಚುಕ್ಕಿ ತೋರಿಸುತ್ತಿತ್ತು. ಉತ್ತರವನ್ನು ಪೂರ್ತಿಯಾಗಿ ತೋರಿಸುವಂತೆ ಬದಲಿಸಿದಳು. ಎಂಬತ್ತೇಳರ ಪರವಾಗಿ ಉತ್ತರ ಬಂದಿತ್ತು, ನಿಜ. ಕೊಟ್ಟದ್ದು ಮಾತ್ರ ದಾರಿ ನಡುವೆ ಸಂದೇಶ ದಾಟಿಸುವ ರೂಟರು: ನೀವು ಕೇಳಿದ ಕಂಪ್ಯೂಟರು ಸಿಗುತ್ತಿಲ್ಲ. ಆರು ತಿಂಗಳಿಂದ ಪಾಪ ಅದು ಹೀಗೇ ಹೇಳುತ್ತಿತ್ತು. ಇವಳ ಸ್ಕ್ರಿಪ್ಟು ‘ಉತ್ತರ’ ಎಂಬ ಪದ ಕಂಡ ಕೂಡಲೇ ಮುಂದೆ ಓದದೆ ಹಸಿರು ಬಳಿಯುತ್ತಿತ್ತು. ಹಾಗೆ ಮಾಡು ಎಂದು ಹೇಳಿಕೊಟ್ಟವಳು ಅವಳೇ.

ಕೇಳಿದ ವಿಳಾಸದಿಂದಲೇ ಉತ್ತರ ಬಂದಿರಬೇಕೆಂದು ಒಂದು ಸಾಲು ಸೇರಿಸಿದಳು. ಮತ್ತೆ ಓಡಿಸಿದಾಗ ಚುಕ್ಕಿಗಳು ಒಂದೊಂದಾಗಿ ಕೆಂಪಾದವು. ಸುಳ್ಳು ವಿಳಾಸವನ್ನು ಬಿಟ್ಟು ಮೂವತ್ತೊಂದು.

ಮೂರೂವರೆಗೆ ಬಂದ ನಿರ್ದೇಶಕರು ಗೋಡೆ ನೋಡಿ ಕುರ್ಚಿ ಹುಡುಕಿಕೊಂಡರು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಸಭೆ ಮುಗಿಯುವವರೆಗೆ ಹಳೆಯದನ್ನೇ ಓಡಿಸಬಹುದೇ ಎಂದು ಅವರು ಕೇಳಿದರು. ಆಗುವುದಿಲ್ಲ ಎಂದಳು.

“ಹಳದಿಯಾದ್ರೂ ಮಾಡೋಕಾಗುತ್ತಾ?”

“ಹಳದಿ ಬಳಿದ್ರೆ ಸತ್ತಿರೋದು ಎದ್ದು ಕೂರಲ್ಲ ಸರ್.”

ನಿರ್ದೇಶಕರು ನಿಟ್ಟುಸಿರು ಬಿಟ್ಟರು. ಆದರೆ ಸಭೆಯಲ್ಲಿ, ‘ನಮ್ಮ ಹೊಸ, ಕಟ್ಟುನಿಟ್ಟಿನ ತಪಾಸಣೆಯಿಂದ ಮೂವತ್ತೊಂದು ದೋಷಗಳನ್ನು ನಾವೇ ಪತ್ತೆ ಹಚ್ಚಿದ್ದೇವೆ’ ಎಂದು ಎದೆ ಸೆಟೆಸಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಸಂಜೆ ಅವಳು ಅತ್ತೆಗೆ ಫೋನ್ ಮಾಡಿ, ಅವರ ದನಿಯಲ್ಲೇ ಮೊಣಕಾಲಿನ ಕಥೆಯನ್ನು ಮುಕ್ಕಾಲು ಗಂಟೆ ಕೇಳಿದಳು.

ಮರುದಿನ ಹೊಸ ವೈರು ಹಿಡಿದು ತಾನೇ ಎಂಬತ್ತೇಳಕ್ಕೆ ಹೋದಳು. ಮೇಜಿನಡಿ ತೂರಿ ಜೋಡಿಸಿ, ಸೀರೆಯ ಧೂಳು ಕೊಡವಿಕೊಂಡು ಕ್ಷಮೆ ಕೇಳಿದಳು. ಗ್ರಂಥಪಾಲಕರು ಸಿಟ್ಟಾಗಲಿಲ್ಲ. ದೂರು ನಿಜವಾಗಿತ್ತು ಎಂದು ಎರಡು ಸಾಲು ಬರೆದುಕೊಡಬಹುದೇ ಎಂದರು.

“ನಮ್ಮ ಮನೆಯವಳೂ ನಂಬಿಲ್ಲ. ವಯಸ್ಸಾಯ್ತು, ನೀವೇ ಏನೋ ಒತ್ತಿರ್ತೀರಿ ಅಂತಾಳೆ.”

ಅವಳು ‘ತಾಂತ್ರಿಕ ಕಾರಣಗಳಿಂದ’ ಎಂದು ಶುರು ಮಾಡಿ, ನಾಚಿಕೆಯೆನಿಸಿ ಹೊಡೆದುಹಾಕಿದಳು. ‘ನೀವು ಹೇಳಿದ್ದು ಮೂರು ಸಲವೂ ಸರಿ. ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದಳು. ಅವರು ಕನ್ನಡಕ ಏರಿಸಿ, ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಮುಖ ಅರಳಿತು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಸೀಲು ಇಲ್ವಾ ಅಮ್ಮ?” ಎಂದು ಮೆಲ್ಲನೆ ಕೇಳಿದರು. “ಸೀಲು ಇಲ್ದಿದ್ರೆ ಅವಳು ಒಪ್ಪಲ್ಲ.”

ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಸೀಲು ಹಾಕಿಸಲು ಕಚೇರಿಯ ದಾರಿ ಹಿಡಿದಳು.