ಪೀಕದಾನಿ ಇಲ್ಲದ ಬೆಳಗು

ಆ ಮನೆಯವರು ಅಜ್ಜನ ಕಾಲದಿಂದ ವಿಸ್ಕಿ ಇಳಿಸುತ್ತಿದ್ದರು. ಆದರೆ ಈಗಿನ ಯಜಮಾನರು ಭಟ್ಟಿಯ ಹೊಣೆ ಹೊತ್ತ ದಿನದಿಂದ ಮನೆಯ ಒಬ್ಬರ ಗಂಟಲಿಗೂ ಅದರ ಒಂದು ಹನಿ ಇಳಿದಿರಲಿಲ್ಲ. ಕೇಳಿದವರು ನಗುತ್ತಿದ್ದರು. ನಗುವಂಥದ್ದೇ. ಅಡುಗೆಯವನು ಉಪವಾಸವಿದ್ದು ಊರಿಗೆಲ್ಲ ಉಣಬಡಿಸಿದ ಹಾಗೆ.

ಅಲ್ಲಿನ ಕಟ್ಟಳೆ ಹೀಗಿತ್ತು. ಒಂದು ಪೀಪಾಯಿ ಹದಕ್ಕೆ ಬಂತು ಅನ್ನಿಸಿದಾಗ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ರುಚಿ ನೋಡುವ ಕೋಣೆಯಲ್ಲಿ ಸೇರಬೇಕು. ಯಜಮಾನರು ತಲೆಯಾಡಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ಒಂದೊಂದು ಗುಟುಕು ಬಾಯಿಗೆ ಹಾಕಿಕೊಳ್ಳಬೇಕು. ನಾಲಗೆಯ ಮೇಲೆ ಹೊರಳಿಸಬೇಕು. ಅಷ್ಟರಲ್ಲಿ ಕಿರಿಸೊಸೆ ತಾಮ್ರದ ಪೀಕದಾನಿಯನ್ನು ಮೇಜಿನ ನಡುವೆ ಇಡುತ್ತಾಳೆ, ಎಲ್ಲರೂ ಅದಕ್ಕೆ ಉಗುಳುತ್ತಾರೆ. ಉಗುಳುವ ತನಕ ಯಾರೂ ತುಟಿ ಬಿಚ್ಚುವ ಹಾಗಿಲ್ಲ, ತೀರ್ಪು ಆಗುವ ತನಕ ಯಾರೂ ಏಳುವ ಹಾಗಿಲ್ಲ. ಆಮೇಲೆ ಯಜಮಾನರು ಸೀಮೆಸುಣ್ಣ ಹಿಡಿದು ಪೀಪಾಯಿಯ ಹತ್ತಿರ ಹೋಗುತ್ತಾರೆ. ಸೊನ್ನೆ ಬರೆದರೆ ಅದು ಇದ್ದ ಹಾಗೇ ಬಾಟಲಿಗೆ. ಗೀಟು ಎಳೆದರೆ ನೀರು ಬೆರೆಸಿ ದೊಡ್ಡ ತೊಟ್ಟಿಗೆ ಸುರಿದು, ಉಳಿದ ಸರಕಿನ ಜೊತೆ ಹತ್ತರ ಕೂಡ ಹನ್ನೊಂದು.

"ಕಸುಬಿನವನು ಉಗುಳ್ತಾನೆ, ಕುಡುಕ ನುಂಗ್ತಾನೆ" ಎನ್ನುವುದು ಯಜಮಾನರ ಮಾತು. ಕೆಲಸಗಾರರು ಅವರ ಬೆನ್ನ ಹಿಂದೆ ಅವರನ್ನು ಉಗುಳಪ್ಪ ಎನ್ನುತ್ತಿದ್ದರು. ಎದುರಿಗೆ ಹಾಗೆನ್ನುವ ಗಂಡೆದೆ ಯಾರಿಗೂ ಇರಲಿಲ್ಲ.

ಕಿರಿಸೊಸೆ ಬ್ರೆಡ್ ಸುಡುವವನ ಮಗಳು. ಅವಳಪ್ಪ ಗೋಧಿಯ ಜೊತೆ ರೈ ಹಿಟ್ಟಿನ ಕಪ್ಪು ಬ್ರೆಡ್ಡನ್ನೂ ಸುಡುತ್ತಿದ್ದ. ರೈ ಅಂದರೆ ಗೋಧಿಯ ಒರಟು ದಾಯಾದಿ, ಕೈಗೆ ಅಂಟುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ಆ ಕಾಳಿನ ಜಾತಕ ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದ ಮೇಲೆ ಗಂಡನ ಜೊತೆ ಭಟ್ಟಿಯ ಹತ್ತಿರ ನಿಂತು ಕೆಲಸ ಕಲಿತಳು. ಕಲಿತ ಮೇಲೆ ಹಟ ಹಿಡಿದು, ತಾನೇ ರೈ ಆರಿಸಿ, ಮೊಳಕೆ ಬರಿಸಿ, ಹುಳಿ ಬರಿಸಿ, ಭಟ್ಟಿ ಇಳಿಸಿ ಒಂದೇ ಒಂದು ಪೀಪಾಯಿ ತುಂಬಿಸಿದಳು. ಅದನ್ನು ಪೀಪಾಯಿ ಇಡುವ ಕೊಠಡಿಯ ಅಟ್ಟದ ಮೇಲೆ, ತಗಡಿನ ಸೂರಿನ ಕೆಳಗೆ, ಕಾವು ಬಡಿಯುವ ಕಡೆಯೇ ಇಡಿಸಿದಳು. ವರ್ಷಗಳು ಕಳೆದವು. ನೀರಿನಂಶ ಆರುತ್ತ ಹೋಗಿ ಅದೀಗ ಬೆಂಕಿಯೇ ಆಗಿತ್ತು: ನೂರರಲ್ಲಿ ಅರವತ್ತೆರಡು ಪಾಲು ಬರೀ ಮದ್ಯಸಾರ. ಅಷ್ಟು ಕಡಕ್ಕಾದ ಯಾವ ಪೀಪಾಯಿಯೂ ಆ ಮನೆಯಲ್ಲಿ ಸೊನ್ನೆ ಕಂಡಿರಲಿಲ್ಲ.

ಅವಳಿಗೂ ಅದರ ನಿಜ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಸೀನಿನಿಂದ. ಕಳೆದ ಚಳಿಗಾಲ ಅಟ್ಟ ಹತ್ತಿ, ಗುಟುಕು ಬಾಯಿಗೆ ಹಾಕಿಕೊಂಡು ಹೊರಳಿಸುತ್ತಿದ್ದಾಗ ಎಲ್ಲಿತ್ತೋ ಒಂದು ಸೀನು ಬಂತು. ಅದನ್ನು ತಡೆಯಲು ಹೋಗಿ ಗುಟುಕು ಒಳಗೆ ಹೋಯಿತು. ಮೊದಲು ಕಣ್ಣಲ್ಲಿ ನೀರು. ಆಮೇಲೆ, ಉರಿಯೆಲ್ಲ ಕೆಳಗಿಳಿದ ಮೇಲೆ, ಗಂಟಲ ಹಿಂದಿನಿಂದ ಮೆಲ್ಲಗೆ ಅಪ್ಪನ ಒಲೆ ಎದ್ದು ಬಂತು: ಬ್ರೆಡ್ಡಿನ ತಳದ ಸೀದ ಅಂಚು, ಕಾಳುಮೆಣಸು, ಒಣಗಿದ ಕಿತ್ತಳೆ ಸಿಪ್ಪೆ, ಕೊನೆಗೆ ಸುಟ್ಟ ಸಕ್ಕರೆ. ಅವಳು ಏಣಿಯ ಮೇಲೆಯೇ ಕೂತು ಅತ್ತಳು. ಇಷ್ಟು ವರ್ಷ ನಾವು ಮಾಡುತ್ತಿರುವುದೇನು ಎಂಬುದು ಅವಳಿಗೆ ಆಗ ಹೊಳೆಯಿತು. ನಾಲಗೆಗೆ ಸಿಗುವುದು ಬರೀ ಉರಿ. ಉರಿ ಇಳಿದು ರುಚಿ ಬರುವ ಹೊತ್ತಿಗೆ ಅದು ಪೀಕದಾನಿಯಲ್ಲಿರುತ್ತದೆ.

ಅವಳು ಕದ್ದು ಮುಚ್ಚಿ ಮಾಡುವವಳಲ್ಲ. ಊಟದ ಹೊತ್ತಿನಲ್ಲಿ ನೇರವಾಗಿ ಕೇಳಿದಳು. "ಮಾವ, ನನ್ನ ಪೀಪಾಯಿ ಒಂದನ್ನ ನುಂಗಿ ನೋಡ್ಬೇಕು. ಉಗುಳಿದ್ರೆ ಅದರ ರುಚಿ ಸಿಗಲ್ಲ."

ಮಾವ ತಟ್ಟೆ ಬಿಟ್ಟು ಎದ್ದು ಹೋದರು. ಭಾವ, ಅಂದರೆ ಗಂಡನ ಅಣ್ಣ, ವ್ಯಾಪಾರ ನೋಡಿಕೊಳ್ಳುವವನು, ನಕ್ಕ. "ಬೆಂಕಿ ಮಾರೋಕಾಗಲ್ಲಮ್ಮ. ಜನಕ್ಕೆ ಮೆತ್ತಗಿರೋದು ಬೇಕು." ಗಂಡ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಕೋಣೆಗೆ ಹೋದ ಮೇಲೆ ಹೇಳಿದ, "ಸ್ವಲ್ಪ ನೀರು ಹಾಕಿಸ್ಕೊಂಡ್ರೆ ಏನಾಗುತ್ತೆ?"

"ನಿಮಗೆ ಹಾಕಿದ್ದಾರಲ್ಲ, ಅದೇ ಆಗುತ್ತೆ," ಎಂದು ಅವಳು ಮಗ್ಗುಲು ಬದಲಿಸಿದಳು.

ತೀರ್ಪಿನ ಬೆಳಗು ಬಂತು. ಪೀಪಾಯಿಯನ್ನು ಅಟ್ಟದಿಂದ ಇಳಿಸಿ ಕೋಣೆಯ ಮೂಲೆಗೆ ಉರುಳಿಸಿ ತಂದಿದ್ದರು. ತೊಟ್ಟಿಯ ಮುಚ್ಚಳವನ್ನು ಆಗಲೇ ತೆಗೆದಿಟ್ಟಿದ್ದರು, ತೀರ್ಪು ಏನೆಂದು ಎಲ್ಲರಿಗೂ ಗೊತ್ತೇ ಇದ್ದ ಹಾಗೆ. ಅದನ್ನು ಕಂಡು ಅವಳಿಗೆ ಮೈ ಉರಿದುಹೋಯಿತು. ಸುಣ್ಣ ಬಳಿದ ಗೋಡೆ, ಉದ್ದದ ಮೇಜು, ಹೊಟ್ಟೆ ದಪ್ಪ ಕತ್ತು ಸಣ್ಣನೆಯ ಲೋಟಗಳು, ಒಂದು ಹೂಜಿ ನೀರು. ಮಾವ, ಅತ್ತೆ, ಭಾವ, ಗಂಡ ತಮ್ಮ ತಮ್ಮ ಜಾಗದಲ್ಲಿ ಕೂತರು. ಪೀಕದಾನಿ ತೊಳೆದು ತರುವುದು ಕಿರಿಸೊಸೆಯ ಕೆಲಸವಾದ್ದರಿಂದ ಅದು ಎಲ್ಲಿದೆ ಎಂದು ಯಾರೂ ನೋಡಲಿಲ್ಲ.

ಮಾವ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಬಾಯಿ ಒಂಚೂರು ತೆರೆದು ಮೂಸಿದರು, ತಲೆಯಾಡಿಸಿದರು. ಐದೂ ಜನ ಗುಟುಕು ಹಾಕಿಕೊಂಡರು.

ನಾಲ್ಕು ಜನರ ಕೆನ್ನೆ ಉಬ್ಬಿತು. ನಾಲ್ಕು ಜನ ಹೊರಳಿಸಿದರು. ಭಾವನ ಕಣ್ಣು ಕೆಂಪಾಗಿ ಮೇಜಿನ ನಡುವಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ.

ಕಿರಿಸೊಸೆ ತನ್ನ ಗುಟುಕನ್ನು ನುಂಗಿ, ಬಾಯಿ ಒರೆಸಿಕೊಂಡಳು.

"ಪೀಕದಾನಿ ನನ್ನ ಮಡಿಲಲ್ಲಿದೆ. ಕೊಡಲ್ಲ."

ಬಾಯಲ್ಲಿ ಬಿಸಿ ತುಪ್ಪ ಅನ್ನುತ್ತಾರಲ್ಲ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ, ಅದು ಅಂದು ಆ ಮೇಜಿನ ಸುತ್ತ ಅಕ್ಷರಶಃ ನಡೆಯಿತು. ತುಪ್ಪಕ್ಕಿಂತ ಇದು ಎಷ್ಟೋ ಬಿಸಿ. ಮಾವ ಮೇಜನ್ನು ಒಮ್ಮೆ ಗುದ್ದಿದರು.

"ನೀವು ಮಾತಾಡೋ ಹಾಗಿಲ್ಲ ಮಾವ, ಅದು ನಿಮ್ಮದೇ ಕಟ್ಟಳೆ. ಅದಕ್ಕೆ ನಾನು ಮಾತಾಡ್ತೀನಿ. ನಾಲಗೆ ಅನ್ನೋದು ಬರೀ ಬಾಗಿಲು. ನೀವು ಇಷ್ಟು ವರ್ಷ ಬಾಗಿಲಲ್ಲೇ ನಿಂತ್ಕೊಂಡು ಮನೆ ಹೇಗಿದೆ ಅಂತ ಹೇಳ್ತಾ ಇದ್ದೀರಿ. ಬಾಗಿಲು ಸುಡುತ್ತೆ ಅಂತ ಮನೆಗೆಲ್ಲ ನೀರು ಹುಯ್ದಿದ್ದೀರಿ. ಇವತ್ತು ಒಳಗೆ ಬನ್ನಿ. ಬಂದು ನೋಡಿ, ಆಮೇಲೆ ಗೀಟು ಎಳೀರಿ. ನಾನು ಸೊಲ್ಲೆತ್ತಲ್ಲ."

ಭಾವ ತಡೆಯಲಾರದೆ ಎದ್ದು ಕಿಟಕಿಗೆ ಓಡಿ ಹೊರಗಿನ ಹೂಕುಂಡಕ್ಕೆ ಉಗುಳಿದ. ತೀರ್ಪಿಗೆ ಮುಂಚೆ ಆ ಕೋಣೆಯಲ್ಲಿ ಒಬ್ಬರು ಎದ್ದದ್ದು ಅದೇ ಮೊದಲು. ಗಂಡ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಕಣ್ಣು ಮುಚ್ಚಿ ಗುಳುಕ್ಕೆಂದು ನುಂಗಿಬಿಟ್ಟ. ಕೆಮ್ಮಿದ, ಬಿಕ್ಕಳಿಸಿದ, ಎದೆ ನೀವಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಬೆರಗಿನಿಂದ, "ಇದು ನಿಮ್ಮಪ್ಪನ..." ಎಂದು ಶುರು ಮಾಡಿ, ಅಪ್ಪನ ಕಣ್ಣು ಕಂಡು ಅಲ್ಲಿಗೇ ನಿಲ್ಲಿಸಿದ.

ಮಾವ ನುಂಗಲಿಲ್ಲ. ತಮ್ಮ ಲೋಟವನ್ನೇ ತುಟಿಗೆ ಹಿಡಿದು ಅದರೊಳಕ್ಕೆ ಉಗುಳಿದರು. ಲೋಟವನ್ನು ಕೆಳಗಿಟ್ಟರು.

"ನಮ್ಮಣ್ಣ ಪ್ರತಿಯೊಂದು ಪೀಪಾಯಿನೂ ನುಂಗಿ ನೋಡ್ತಿದ್ದ," ಎಂದರು. "ಕೊನೆಕೊನೆಗೆ ನೋಡೋದು ಬಿಟ್ಟು ಬರೀ ನುಂಗ್ತಿದ್ದ. ಆ ಪೀಪಾಯಿಗಳ ಮಧ್ಯೆ ಬಿದ್ದಿದ್ದೋನನ್ನ ಎತ್ಕೊಂಡು ಬಂದೋನು ನಾನು. ದಾರೀಲೇ ಹೋಗ್ಬಿಟ್ಟ. ಅವತ್ತು ಅವನ ಎದೆ ಮುಟ್ಟಿ ಆಣೆ ಮಾಡಿದ್ದೀನಿ. ಈ ಮನೇಲಿ ಇನ್ನು ಯಾರ ಗಂಟಲಿಗೂ ಇಳಿಯಕೂಡದು ಅಂತ. ನೀನು ಯಾರಮ್ಮ ಅದನ್ನ ಮುರಿಯೋಕೆ?"

ಕಿರಿಸೊಸೆ ತಲೆ ತಗ್ಗಿಸಿ ಮಡಿಲಿನ ಪೀಕದಾನಿಯನ್ನು ನೋಡಿದಳು. ಮಾವನದು ಬರೀ ಮೊಂಡುತನ ಎಂದುಕೊಂಡಿದ್ದಳು. ಮಾವನ ಅಣ್ಣ ಕುಡಿದು ಸತ್ತದ್ದು ಗೊತ್ತಿತ್ತು, ಮಾವನೇ ಎತ್ತಿಕೊಂಡು ಬಂದದ್ದು ಗೊತ್ತಿರಲಿಲ್ಲ. ಪೀಕದಾನಿಯನ್ನು ಮೇಜಿನ ಮೇಲಿಟ್ಟು ತಪ್ಪಾಯಿತು ಅಂದುಬಿಡೋಣ ಎನ್ನಿಸಿತು. ಆದರೆ ಮೂಲೆಯಲ್ಲಿದ್ದ ಪೀಪಾಯಿ ಕಣ್ಣಿಗೆ ಬಿತ್ತು, ಅದರಾಚೆ ಬಾಯಿ ತೆರೆದ ತೊಟ್ಟಿಯೂ ಕಂಡಿತು. ಅವಳು ಪೀಕದಾನಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಿಮ್ಮ ಆಣೆ ನಿಮ್ಮದು ಮಾವ. ನೀವು ನುಂಗ್ಬೇಡಿ, ನಾನು ಯಾವತ್ತೂ ಬಲವಂತ ಮಾಡಲ್ಲ. ಆದ್ರೆ ನುಂಗದೇ ಇರೋರು ತೀರ್ಪು ಕೊಡ್ಬಾರದು. ದೊಡ್ಡ ಮಾವ ಕುಡಿದಿದ್ದಕ್ಕೆ ನನ್ನ ಪೀಪಾಯಿಗೆ ಯಾಕೆ ಶಿಕ್ಷೆ?"

"ಮತ್ತೆ ತೀರ್ಪು ಯಾರು ಕೊಡ್ತಾರೆ? ನೀನಾ? ನಿನ್ನ ಸರಕಿಗೆ ನೀನೇನಾ?" ಎಂದ ಭಾವ, ಕಿಟಕಿಯ ಹತ್ತಿರದಿಂದಲೇ.

"ನಾನು ಕೊಡ್ತೀನಿ."

ಮಾತಾಡಿದವರು ಅತ್ತೆ. ಈ ಗದ್ದಲದಲ್ಲಿ ಅವರ ಕಡೆ ಯಾರೂ ನೋಡಿರಲಿಲ್ಲ. ಅವರ ಕೆನ್ನೆ ಯಾವಾಗಲೋ ಇಳಿದಿತ್ತು. ಲೋಟವೂ ಖಾಲಿಯಿತ್ತು.

"ನೀನೂನಾ?" ಎಂದರು ಮಾವ. ಅವರ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

"ನೋಡ್ರೀ, ನಿಮ್ಮ ಜೊತೆ ಕೂತು ಎಷ್ಟು ಉಗುಳಿದ್ದೀನಿ ಅಂತ ನನಗೇ ಲೆಕ್ಕ ತಪ್ಪಿದೆ. ಇವತ್ತೊಂದು ನುಂಗಿದ್ದೀನಿ. ನಿಮ್ಮಣ್ಣನ ಹಾಗೆ ಬಿದ್ದುಹೋಗಲ್ಲ, ಹೆದರ್ಬೇಡಿ." ಅತ್ತೆ ಸೊಸೆಯ ಕಡೆ ತಿರುಗಿದರು. "ಇದಕ್ಕೆ ನೀರು ಹಾಕಿದ್ರೆ ಪಾಪ ಬರುತ್ತೆ. ಆದ್ರೆ ಬಾಟಲಿಗೂ ಹಾಕೋ ಹಾಗಿಲ್ಲ. ಹದ ಬಂದಿಲ್ಲ. ಎಲ್ಲಾ ಆದಮೇಲೆ ಕೊನೇಲಿ ಹಸಿಮರದ ಒಗರು ನಿಲ್ಲುತ್ತೆ. ಇನ್ನೆರಡು ವರ್ಷ ಬೇಕು."

ಕಿರಿಸೊಸೆಗೆ ಕೆನ್ನೆಗೆ ಬಾರಿಸಿದಂತಾಯಿತು. "ಒಗರಾ? ಎಲ್ಲಿದೆ ಒಗರು?"

"ಹೆತ್ತವರಿಗೆ ಹೆಗ್ಗಣ ಮುದ್ದು. ಇನ್ನೊಂದ್ ಗುಟುಕು ಹಾಕ್ಕೊಂಡು, ಸುಮ್ನೆ ಕೂತು ನೋಡು."

ಅವಳು ಹಟಕ್ಕೇ ಹಾಕಿಕೊಂಡಳು, ನುಂಗಿದಳು, ಕಾದಳು. ಬ್ರೆಡ್ಡು ಬಂತು, ಮೆಣಸು ಬಂತು, ಕಿತ್ತಳೆ, ಸಕ್ಕರೆ ಎಲ್ಲ ಬಂದು ಹೋದವು. ಅವೆಲ್ಲ ಹೋದ ಮೇಲೆ ಗಂಟಲ ಹಿಂದೆ ಹಲ್ಲುಕಡ್ಡಿ ಕಚ್ಚಿದಂತೆ ಏನೋ ಒಂದು ಉಳಿಯಿತು. ಅಪ್ಪನ ಒಲೆಯ ನೆನಪಿನಲ್ಲಿ ಅದನ್ನು ಅವಳು ಗಮನಿಸಿಯೇ ಇರಲಿಲ್ಲ.

"ಇದೆ," ಎಂದಳು. ಹೇಳಲು ಕಷ್ಟವಾಯಿತು, ಆದರೂ ಒಳಗೊಳಗೇ ಹಗುರವಾಯಿತು. ಅವಳ ಪೀಪಾಯಿಯನ್ನು ಯಾರೋ ಕೊನೆಯವರೆಗೂ ಕೇಳಿ ಮಾತಾಡಿದ್ದರು.

ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದರು. ಅಭ್ಯಾಸದಂತೆ ಪೀಪಾಯಿಯತ್ತ ಎರಡು ಹೆಜ್ಜೆ ಹಾಕಿ ನಿಂತರು. ಅಲ್ಲೇ ನಿಂತು ಸುಣ್ಣದ ತುಂಡನ್ನು ಬೆರಳಲ್ಲಿ ತಿರುಗಿಸಿದರು. ಕೊನೆಗೆ ಹಿಂದೆ ಬಂದು ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟರು.

ಅತ್ತೆ ಹೋಗಿ ಪೀಪಾಯಿಯ ಮೇಲೆ ಎರಡು ಚುಕ್ಕಿ ಇಟ್ಟರು.

"ಅಂಥ ಗುರುತೇ ಇಲ್ವಲ್ಲಮ್ಮ," ಎಂದ ಭಾವ.

"ಈಗ ಇದೆ. ಹೋಗಿ ತೊಟ್ಟಿ ಮುಚ್ಚು."

ಕಿರಿಸೊಸೆ ಪೀಕದಾನಿಯನ್ನು ತಂದು ಮೇಜಿನ ಮೇಲೆ, ಮಾವನ ಲೋಟದ ಪಕ್ಕ ಇಟ್ಟಳು. ಅವರ ಮುಂದೆ ಮಾತ್ರ. ಅವರು ಅದನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಹೇಗಿತ್ತು?"

"ಏನು ಮಾವ?"

"ಅದೇ. ಒಳಗೆ ಹೋದ ಮೇಲೆ." ಜೀವಮಾನವೆಲ್ಲ ವಿಸ್ಕಿ ಮಾಡಿದ ಮನುಷ್ಯ, ಮಗುವಿನ ಹಾಗೆ ಕೇಳುತ್ತಿದ್ದರು. "ಏನೇನು ಬಂತು?"

ಅತ್ತೆ ಹೇಳಲು ಬಾಯಿ ತೆರೆದರು.

"ಅತ್ತೆ, ಹೇಳ್ಬೇಡಿ," ಎಂದಳು ಕಿರಿಸೊಸೆ. ಮಾವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಎರಡು ವರ್ಷ ಆಗಲಿ. ನಮ್ಮ ಬಾಯಿಂದ ಕೇಳ್ತೀರೋ, ನೀವೇ ನುಂಗ್ತೀರೋ, ಅವತ್ತು ನೋಡೋಣ. ಈಗ ಹೇಳಲ್ಲ."

"ನನ್ನ ವಯಸ್ಸು ಗೊತ್ತೇನಮ್ಮ ನಿನಗೆ? ಎರಡು ವರ್ಷ ನಾನಿರಬೇಕಲ್ಲ."

"ಇರಿ," ಎಂದಳು.