ಆರು ಒಂಬತ್ತು

ಎಪ್ಪತ್ನಾಲ್ಕರಲ್ಲಿ ನನ್ನನ್ನು ನೋಡಲು ಮಾಡದಕೆರೆಗೆ ಬಂದ ಗಂಡಿನ ಹೆಸರು ಸಣ್ಣಪ್ಪ. ಊರು ಧರ್ಮಪುರ, ದುರ್ಗದ ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್ ಅಂತೆ. ಆ 'ಅಂತೆ' ನನಗೆ ಹಿಡಿಸಲಿಲ್ಲ. ಗಂಡು ತೋರಿಸುವ ಮಾರಣ್ಣ ಹಿಂದಿನ ಸಲ ಇಂಜಿನಿಯರ್ ಎಂದು ಕರೆತಂದವನು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ರಿಪೇರಿಗೆ ನನ್ನ ತಕರಾರಿಲ್ಲ. ಸುಳ್ಳಿನ ಜೊತೆ ಸಂಸಾರ ಮಾಡುವುದು ನನ್ನ ಕೈಲಾಗದು.

ಅದಕ್ಕೇ ಒಂದು ಲೆಕ್ಕ ಕೇಳಿ ನೋಡೋಣ ಎಂದುಕೊಂಡೆ. ನನ್ನಪ್ಪ ದೊಡ್ಡತಿಮ್ಮಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಚಿಕ್ಕಂದಿನಲ್ಲಿ ನನಗೊಂದು ಸಂಖ್ಯೆ ಕಲಿಸಿದ್ದರು: 142857. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಅಂಕಿಗಳು ಜಾಗ ಬದಲಿಸಿಕೊಂಡು ಬರುತ್ತವೆ. ಏಳರಿಂದ ಗುಣಿಸಿದರೆ ಮಾತ್ರ ಸಾಲಾಗಿ ಆರು ಒಂಬತ್ತು. ನಾಳೆ ಇದನ್ನು ಏಳರಿಂದ ಗುಣಿಸಲು ಹೇಳುತ್ತೇನೆ ಎಂದು ಹಿಂದಿನ ದಿನ ಅಪ್ಪನಿಗೆ ಮಾತ್ರ ತಿಳಿಸಿದ್ದೆ.

ಕಾಫಿ ಕೊಟ್ಟು ಕುಳಿತೆ. ಹಾಡು ಬರುತ್ತದಾ ಎಂದು ನನ್ನನ್ನು ಕೇಳುವ ಮೊದಲೇ ಸಣ್ಣಪ್ಪ ನಕ್ಕ.

"ನೀವೇ ಏನೋ ಲೆಕ್ಕ ಕೇಳ್ತೀರಂತೆ, ಕೇಳ್ರಿ."

ಇವನಿಗೆ ಯಾರು ಹೇಳಿದರು? ಮಾರಣ್ಣನ ಕಡೆ ನೋಡಿದೆ. ಅವನು ಉಪ್ಪಿಟ್ಟು ತಿನ್ನುತ್ತಿದ್ದ. ಬಾಗಿಲ ಹಿಂದೆ ನಿಂತು ಕದ್ದು ಕೇಳಿರಬೇಕು, ಕಳ್ಳ. ಒಳಗಿನಿಂದ ಸ್ಲೇಟು ತಂದು ದೊಡ್ಡದಾಗಿ ಬರೆದೆ: 142858. ಕೊನೆಯ ಏಳನ್ನು ಬೇಕೆಂದೇ ಎಂಟು ಮಾಡಿದ್ದೆ.

"ಇದನ್ನ ಏಳರಿಂದ ಗುಣಿಸ್ರಿ."

ಅವನು ಸ್ಲೇಟನ್ನು ಸರಿಯಾಗಿ ನೋಡಲೂ ಇಲ್ಲ. "ಅದೇನು ದೊಡ್ಡದು, ಆರು ಒಂಬತ್ತು!"

"ಏಳೆಂಟ್ಲ ಐವತ್ತಾರು. ಕೊನೇಲಿ ಆರು ಬರ್ಬೇಕಲ್ರಿ, ಒಂಬತ್ತು ಎಲ್ಲಿಂದ ಬಂತು?"

ಅವನ ಮುಖ ಕೆಂಪಾಯಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದೇಬಿಟ್ಟ.

ಅವನು ಹೋದ ಮೇಲೆ ಮಾರಣ್ಣನನ್ನು ಜಾಡಿಸಿದೆ. "ನೀನೇ ಹೇಳ್ಕೊಟ್ಟಿದ್ದು ತಾನೆ?"

"ನಮ್ಮವ್ವನಾಣೆಗೂ ನಾನಲ್ಲ ಕಣವ್ವ. ನಿಮ್ಮಪ್ಪಾರು ಬಸ್‌ಸ್ಟ್ಯಾಂಡಿಗೆ ಬಂದು ಅವನ್ನ ಪಕ್ಕಕ್ಕೆ ಕರ್ಕಂಡು ಹೋದ್ರು. ಏನು ಮಾತಾಡಿದ್ರೋ ನಂಗೇನು ಗೊತ್ತು?"

ಊರಿನಲ್ಲಿ ಎಲ್ಲರನ್ನೂ ಅನುಮಾನಿಸಿದ್ದೆ, ಅಪ್ಪನೊಬ್ಬರನ್ನು ಬಿಟ್ಟು.

ಅಪ್ಪ ಜಗಲಿಯ ಮೇಲೆ ಕುಳಿತು ಸ್ಲೇಟು ಒರೆಸುತ್ತಿದ್ದರು.

"ನೀನು ಹಿಂಗೇ ಒಬ್ಬೊಬ್ರನ್ನೂ ಸೋಲಿಸ್ಕೊಂತ ಮನೇಲೇ ಉಳಿದುಬಿಡ್ತೀಯ ಅಂತ ಭಯ ಆತವ್ವ," ಎಂದರು. "ಅವನು ಒಂದ್ಸಲ ಗೆದ್ರೆ ನೀನು ಒಪ್ಕಂತೀಯ ಅನ್ಕಂಡೆ."

ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ನನಗೆ ಒಲಿದ ಒಂದೇ ಒಂದು ಸಂಖ್ಯೆಯನ್ನು, ಅದನ್ನು ಕಲಿಸಿದವರೇ ಯಾರಿಗೋ ಕೊಟ್ಟುಬಿಟ್ಟಿದ್ದರು.

"ಈ ಗಂಡು ನಂಗೆ ಬ್ಯಾಡಪ್ಪ," ಎಂದೆ.

ಅಪ್ಪ ಒರೆಸಿದ ಸ್ಲೇಟನ್ನು ನನ್ನ ಕೈಗೆ ಕೊಟ್ಟರು.